ಆವಲಪ್ಪನ ಪಟಕ್ಕೆ ಎಣ್ಣೆನೀರು

ಯಲ್ದೂರಿನ ಬಚ್ಚಮ್ಮನ ಬಾಯಿಗೆ ಹೆದರದವರು ಆ ಸೀಮೆಯಲ್ಲೇ ಇರಲಿಲ್ಲ. ಗಂಡ ಸೊಣ್ಣಪ್ಪ ತೀರಿಕೊಂಡ ಮೇಲೆ ಮಾವಿನ ತೋಪಿನ ಕಾವಲನ್ನು ತಾನೇ ವಹಿಸಿಕೊಂಡ ಹೆಂಗಸು. ಕಾಯಿಗೆ ಕಲ್ಲು ಬೀರುವ ಪುಂಡರು ಅವಳ ದನಿ ಕೇಳಿದರೆ ಸಾಕು, ಬೇಲಿ ಹಾರಿ ಪರಾರಿ. ಆದರೆ ಒಬ್ಬನೇ ಮಗ ಆವಲಪ್ಪ ಎದುರಿಗೆ ಬಂದರೆ ಆ ಬಾಯೇ ಬೇರೆ. ಬೈಗುಳವೆಲ್ಲ ಕನ್ನಡದಲ್ಲಿ, ಮುದ್ದೆಲ್ಲ ತೆಲುಗಿನಲ್ಲಿ. "ನಾ ತಂಡ್ರೀ", ಅಂದರೆ ನನ್ನಪ್ಪಾ, ಎಂದು ಗಲ್ಲ ಹಿಡಿದಳೆಂದರೆ ಮೀಸೆ ಬಂದ ಮಗ ನಾಚಿಕೊಂಡು ಜಾಗ ಖಾಲಿ ಮಾಡುತ್ತಿದ್ದ.

ಆ ಮಗನಿಗೆ ನಲವತ್ತೊಂದನೇ ಇಸವಿಯ ವೈಶಾಖದಲ್ಲಿ ಮುಳಬಾಗಿಲ ಕಡೆಯಿಂದ ಆಂಜಿನಮ್ಮನನ್ನು ತಂದುಕೊಂಡಳು. ಹುಡುಗಿ ಮನೆಯಲ್ಲಿ ಕಾಲೂರುವಷ್ಟರಲ್ಲಿ ಆಷಾಢ ಬಂತು. ಮೊದಲ ಆಷಾಢದಲ್ಲಿ ಅತ್ತೆ ಸೊಸೆ ಒಂದೇ ಸೂರಿನಡಿ ಇರಬಾರದೆಂದು ಅವಳನ್ನು ತವರಿಗೆ ಕಳಿಸಿದರು. ಅವಳು ಅಲ್ಲಿರುವಾಗಲೇ ಕೋಲಾರಕ್ಕೆ ಪೌಜಿಗೆ ಆಳು ತೆಗೆಯುವವರು ಬಂದರು. ಸಂತೆಗೆಂದು ಹೋದ ಆವಲಪ್ಪ ಹೆಸರು ಬರೆಸಿ ಬಂದ.

ಬಚ್ಚಮ್ಮ ಬಾಯಿ ಬಾಯಿ ಬಡಿದುಕೊಂಡಳು. "ಏನ್ಲಾ ಕಮ್ಮಿಯಾಗಿತ್ತು ನಿಂಗೆ? ಯಾರ್ದೋ ಯುದ್ಧಕ್ಕೆ ನನ್ ಮಗ ಯಾಕ್ಲಾ ಹೋಗ್ಬೇಕು?"

"ಸುಮ್ನಿರವ್ವಾ, ಲಾರಿ ಓಡ್ಸೋದು ಕಲಿಸ್ತಾರಂತೆ. ಬಂದ್ಮೇಲೆ ಶ್ರೀನಿವಾಸಪುರಕ್ಕೆ ನಾನೇ ಬಸ್ ಬಿಡ್ತೀನಿ, ಮುಂದಿನ ಸೀಟು ನಿಂದೇ" ಎಂದು ಅವಳನ್ನು ನಗಿಸಿ ಹೊರಟೇಬಿಟ್ಟ.

ಬೆಂಗಳೂರಿನ ದಂಡಿನಲ್ಲಿ ಒಂದು ಪಟ ತೆಗೆಸಿ, ಗಾಜು ಕಟ್ಟು ಹಾಕಿಸಿ, ಊರಿನವರ ಕೈಲಿ ಕಳಿಸಿದ್ದ. ಕಾಕಿ ಬಟ್ಟೆ, ಓರೆ ಟೋಪಿ, ಅಗಲವಾದ ಬೆಲ್ಟು. ಅಷ್ಟು ಹೊತ್ತಿಗೆ ತವರಿನಿಂದ ವಾಪಸು ಬಂದಿದ್ದ ಆಂಜಿನಮ್ಮ ಅದನ್ನು ನಡುಮನೆಯ ಗೋಡೆಗೆ ತಾನೇ ತೂಗುಹಾಕಿದಳು. ದಿನಾ ಬೆಳಿಗ್ಗೆ ಸೆರಗಿನಲ್ಲಿ ಗಾಜು ಒರೆಸುವಳು. ಗೆದ್ದಲು ಹತ್ತಬಾರದೆಂದು ಕಟ್ಟಿನ ಹಿಂದೆ ಬೇವಿನ ಸೊಪ್ಪು ಸಿಕ್ಕಿಸುವಳು. ಕಾಗದ ಬಂದರೆ ಕೋದಂಡರಾಮಪ್ಪ ಮೇಷ್ಟ್ರ ಹತ್ತಿರ ಓದಿಸಿಕೊಂಡು ಬಂದು, ತೊಲೆಗೆ ಇಳಿಬಿಟ್ಟ ತಂತಿಗೆ ಜೋಪಾನವಾಗಿ ಚುಚ್ಚುವಳು. ಓದಲು ಬಾರದ ಹುಡುಗಿ, ಆದರೂ ಒಂದು ಕಾಗದದ ಮೂಲೆ ಮಡಚಿದರೆ ಅವಳಿಗೆ ಸಂಕಟ. ಅತ್ತೆಗೆ ಇದೆಲ್ಲ ನೋಡಿ ಒಳಗೊಳಗೇ ಹಿಗ್ಗು.

ಮಾರನೆಯ ವರ್ಷ ಯುಗಾದಿಗೆ ಸ್ವಲ್ಪ ಮುಂಚೆ ಒಂದು ಕಾಗದ ಬಂತು. 'ಇಲ್ಲಿ ಎತ್ತ ನೋಡಿದರೂ ಮರಳು. ತಲೆ ಕಾದ ಹೆಂಚಾಗಿದೆ. ಹಬ್ಬಕ್ಕೆ ಅವ್ವ ಎರೆಯುತ್ತಿದ್ದ ಎಣ್ಣೆನೀರು ನೆನಪಾಗುತ್ತದೆ' ಎಂದು ಮೇಷ್ಟ್ರು ಓದಿದರು. ಬಚ್ಚಮ್ಮನಿಗೆ ಅದು ಕರುಳಿಗೇ ನಾಟಿತು. ಹಬ್ಬ ಹತ್ತಿರ ಬಂದಷ್ಟೂ ಅದೇ ಧ್ಯಾನ. ಮನೆ ಮಗನ ತಲೆಗೆ ಎಣ್ಣೆ ಬೀಳದೆ ಹಬ್ಬ ಮಾಡುವುದಾದರೂ ಹೇಗೆ?

ಯುಗಾದಿಯ ಬೆಳಿಗ್ಗೆ ಆಂಜಿನಮ್ಮ ಬಾವಿಗೆ ಹೋಗಿದ್ದಾಗ ಬಚ್ಚಮ್ಮ ಪಟವನ್ನು ಕೆಳಗಿಳಿಸಿದಳು. ಗಾಜಿನ ಮೇಲೆ ಹಚ್ಚಿದರೆ ಮಗನ ತಲೆಗೆ ತಾಗೀತೇ? ಕುಡುಗೋಲಿನ ತುದಿಯಿಂದ ಮೊಳೆ ಎಬ್ಬಿಸಿ, ಗಾಜು ತೆಗೆದಿಟ್ಟು, ಪಟವನ್ನು ಹಲಗೆಯ ಮೇಲೆ ಮಲಗಿಸಿದಳು. ಹರಳೆಣ್ಣೆ ಬೆಚ್ಚಗೆ ಮಾಡಿ ನೆತ್ತಿಗೆ ತಟ್ಟಿದಳು, ಹಣೆಗೆ ಕೆನ್ನೆಗೆ ಸವರಿದಳು. "ತಂಪಾಯ್ತಾ ನಾ ತಂಡ್ರೀ?" ಎಂದು ಕೇಳಿದಳು. ಆಮೇಲೆ ಜಿಡ್ಡು ಹೋಗಲೆಂದು ಸೀಗೆಪುಡಿ ಹಾಕಿ, ಬಿಸಿನೀರು ಎರೆದು, ಉಜ್ಜಿದಳು. ನಗುವವರು ನಗಲಿ. ಸಮುದ್ರದಾಚೆ ಇರುವ ಮಗನಿಗೆ ಎಣ್ಣೆನೀರು ಎರೆಯುವುದಕ್ಕೆ ಬೇರೆ ದಾರಿ ಇದ್ದರೆ ಅವರೇ ಹೇಳಲಿ.

ಬೆರಳಿಗೆ ಏನೋ ನುಣ್ಣಗೆ ಸುಲಿದು ಬಂದಂತಾಯಿತು. ನೀರು ಬಸಿದು ನೋಡಿದರೆ ಟೋಪಿ ಇದೆ, ಬೆಲ್ಟಿದೆ, ಗುಂಡಿಗಳಿವೆ. ನಡುವೆ ಮುಖ ಇರಬೇಕಾದ ಕಡೆ ಬರೀ ಬಿಳಿ ಕಾಗದ.

"ಅಯ್ಯಯ್ಯೋ! ಎಲ್ಲಿ ಹೋದ್ನೇ ನನ್ ಮಗ!" ಎಂದು ಅವಳು ಕಿರುಚಿಕೊಂಡದ್ದು ಪಕ್ಕದ ಬೀದಿಗೂ ಕೇಳಿಸಿತು. ಕೊಡ ಹೊತ್ತು ಬಂದ ಆಂಜಿನಮ್ಮ ಬಾಗಿಲಲ್ಲೇ ನಿಂತುಬಿಟ್ಟಳು. ಒಂದು ಮಾತು ಬೈಯಲಿಲ್ಲ. ಕೊಡ ಇಳಿಸಿ, ಒದ್ದೆ ಕಾಗದವನ್ನು ಎರಡೂ ಕೈಯಲ್ಲಿ ಎತ್ತಿ, ನೆರಳಲ್ಲಿ ಒಣಗಲು ಹಾಕಿದಳು.

ಬೈದಿದ್ದರೆ ಎಷ್ಟೋ ವಾಸಿಯಿತ್ತು. "ಬರ್ತಾನೆ ಬಿಡೇ, ಬಂದ್ಮೇಲೆ ಇಂಥವು ಹತ್ತು ತೆಗೆಸಿದ್ರಾಯ್ತು" ಎಂದು ಬಚ್ಚಮ್ಮ ಎಷ್ಟು ಸಲ ಹೇಳಿದರೂ, ಸೊಸೆಯದು ತಲೆ ತಗ್ಗಿಸಿಕೊಂಡು "ಹೂಂ ಅತ್ತಮ್ಮ" ಅಷ್ಟೇ. ಊರನ್ನೇ ನಡುಗಿಸುವ ಬಚ್ಚಮ್ಮ ಆ ಒಂದು ಹೂಂಗೆ ಕುಗ್ಗಿಹೋಗುತ್ತಿದ್ದಳು. ಈ ಹುಡುಗಿಯ ಮುಂದೆ ಆ ಮುಖವನ್ನು ಮತ್ತೆ ತಂದು ನಿಲ್ಲಿಸುವವರೆಗೆ ತನಗೆ ಅನ್ನ ಇಳಿಯುವುದಿಲ್ಲ ಎನಿಸಿತು. ಮಗ ಬಂದರೆ ಎಲ್ಲ ಸರಿಹೋಗುತ್ತದೆಂದು ದಾರಿ ಕಾದಳು.

ದೀಪಾವಳಿ ಕಳೆದ ಮೇಲೆ ತಂತಿ ಬಂತು. ಮೇಷ್ಟ್ರು ಅದನ್ನು ಓದಿ, ಕನ್ನಡಕ ತೆಗೆದು, ಜಗಲಿಯ ಮೇಲೆ ಕುಳಿತರು. ಅವರು ಕುಳಿತ ರೀತಿಯಲ್ಲೇ ಇಬ್ಬರಿಗೂ ತಿಳಿಯಿತು. ಆವಲಪ್ಪನನ್ನು ಆ ಮರಳಿನಲ್ಲೇ ಮಣ್ಣು ಮಾಡಿದ್ದರು. ಬೂದಿಯಿಲ್ಲ, ಮೂಳೆಯಿಲ್ಲ. ತಿಥಿಯ ದಿನ ಎದುರಿಗೆ ಇಡುವುದಕ್ಕೆ ಪಟವೂ ಇಲ್ಲ.

"ಕಲಶ ಇಟ್ಟು ಮಾಡೋಣ ಬಿಡು ಬಚ್ಚಮ್ಮ" ಎಂದರು ನೆಂಟರು.

"ನನ್ ಮಗ ಏನು ಚೊಂಬಾ?" ಎಂದು ಎಗರಿಬಿದ್ದಳು. ಸೂತಕದಲ್ಲಿ ಊರು ದಾಟಬಾರದು ಎಂದವರನ್ನೂ ಬಾಯಿಗೆ ಬಂದಂತೆ ಬೈದು, ಮುಖವಿಲ್ಲದ ಪಟವನ್ನು ಪಂಚೆಯಲ್ಲಿ ಸುತ್ತಿ, ಸೊಸೆಯನ್ನು ಕರೆದುಕೊಂಡು ಶ್ರೀನಿವಾಸಪುರದಲ್ಲಿ ರೈಲು ಹತ್ತಿ ಕೋಲಾರಕ್ಕೆ ಹೋದಳು.

ಅಲ್ಲಿ ನಾಟಕದ ಪರದೆ ಬರೆಯುವ ಚನ್ನರಾಯಪ್ಪ ಎಂಬ ಚಿತ್ರಗಾರನಿದ್ದ. ಪಟ ನೋಡಿ, "ಬಿಳಿ ಜಾಗದಲ್ಲಿ ಬರೀಬಹುದು. ಹುಡುಗ ಹೆಂಗಿದ್ದ ಹೇಳಿ" ಎಂದ.

"ಚಂದ್ರನಂಗಿದ್ದ ಕಣಪ್ಪಾ."

"ಎಲ್ಲ ತಾಯಂದಿರೂ ಹಂಗೇ ಹೇಳ್ತಾರಮ್ಮ. ಹಣೆ ಎಷ್ಟಗಲ? ತುಟಿ ದಪ್ಪವೋ ತೆಳುವೋ?"

ಬಚ್ಚಮ್ಮನ ನಾಲಿಗೆ ಮೊದಲ ಸಲ ಸೋತಿತು. ಹೆತ್ತ ಮಗನ ತುಟಿ ಹೇಗಿತ್ತೆಂದು ಹೇಳುವುದಕ್ಕೆ ಅವಳಿಗೆ ಮಾತು ಸಿಗಲಿಲ್ಲ. ಚಿತ್ರಗಾರ ಆಂಜಿನಮ್ಮನ ಕಡೆ ತಿರುಗಿದ. "ನೀನು ಹೇಳಮ್ಮ. ಗಂಡನ ಮುಖ ನಿಂಗೆ ಗೊತ್ತಿರಲ್ವಾ?"

ಆಂಜಿನಮ್ಮ ಬಿಕ್ಕಿದಳು. "ನಂಗೆ ಗೊತ್ತಿಲ್ಲ ಕಣಣ್ಣ. ಹಗಲೆಲ್ಲ ಅವರು ತೋಪಲ್ಲಿರೋರು. ಮನೇಗೆ ಬಂದ್ರೆ ಅತ್ತಮ್ಮ ಇದ್ದಾರಂತ ನಾನು ತಲೆ ಎತ್ತುತ್ತಿರಲಿಲ್ಲ. ದೀಪ ಆರಿಸಿದ್ಮೇಲೆ ದನಿ ಒಂದೇ ಕೇಳ್ತಿತ್ತು. ಅಷ್ಟರಲ್ಲಿ ಆಷಾಢ ಬಂತು. ಪಟ ಬಂದ್ಮೇಲೇ ನಾನು ಅವರ ಮುಖ ಸರಿಯಾಗಿ ನೋಡಿದ್ದು. ಅದು ಅಳಿಸಿಹೋದ್ಮೇಲೆ ನೆನೆಸ್ಕೊಂಡ್ರೆ ಆ ಟೋಪಿ ಒಂದೇ ಕಣ್ಮುಂದೆ ಬರುತ್ತೆ."

ಬಚ್ಚಮ್ಮ ತಾನು ತೊಳೆದು ಹಾಕಿದ್ದು ಒಂದು ಪಟವನ್ನು ಎಂದುಕೊಂಡಿದ್ದಳು. ಈ ಹುಡುಗಿಗೆ ಗಂಡನೆಂದು ಇದ್ದದ್ದೇ ಅಷ್ಟು. "ಪಾಪಿ ಮುಂಡೆ ನಾನು, ನನ್ ಕೈ ಸೇದೋಗ" ಎಂದು ಎದೆ ಎದೆ ಗುದ್ದಿಕೊಂಡಳು.

ಚನ್ನರಾಯಪ್ಪ ಇಬ್ಬರನ್ನೂ ಸಮಾಧಾನ ಮಾಡಿ, ಹುಡುಗ ಯಾರನ್ನು ಹೋಲುತ್ತಿದ್ದ ಎಂದು ಕೇಳಿದ.

"ಊರಲ್ಲೆಲ್ಲ ಅತ್ತಮ್ಮನ ಅಚ್ಚು ಅಂತಾರೆ" ಎಂದಳು ಆಂಜಿನಮ್ಮ.

ಅವನು ಬಚ್ಚಮ್ಮನನ್ನು ಕಿಟಕಿಯ ಬೆಳಕಿಗೆ ಕೂರಿಸಿದ. ಸತ್ತ ಮಗನ ಪಟಕ್ಕೆ ಹೆತ್ತ ತಾಯಿ ಮುಖ ಕೊಟ್ಟು ಕೂರುವ ಕರ್ಮ ಯಾವ ಶತ್ರುವಿಗೂ ಬೇಡ. ಸಂಜೆಯ ಹೊತ್ತಿಗೆ ಅವನು ಸುಕ್ಕು ಬಿಟ್ಟು, ಮೀಸೆ ಬರೆದು, ಅದೇ ಟೋಪಿಯ ಕೆಳಗೆ ಅವಳ ಮುಖವನ್ನು ಕೂರಿಸಿದ್ದ.

ತಿಥಿಗೆ ಬಂದವರೆಲ್ಲ "ಆವಲಪ್ಪನೇ ಎದ್ದು ಬಂದಂಗಿದೆ" ಎಂದು ಕಣ್ಣೊರೆಸಿಕೊಂಡರು. ಬಚ್ಚಮ್ಮ ಹಾರ ಹಾಕಿದಳು. ಅವನಲ್ಲ ಎಂಬುದು ಅವಳಿಗೆ ಗೊತ್ತಿತ್ತು, ಯಾರಿಗೂ ಹೇಳಲಿಲ್ಲ.

ನೆಂಟರು ಹೊರಟ ಮೇಲೆ ಅವಳು ಹೊಸ್ತಿಲ ಹತ್ತಿರ ಸುಸ್ತಾಗಿ ಕೂತಿದ್ದಳು. ಯಾರೋ ನೋಡುತ್ತಿದ್ದಾರೆ ಎನಿಸಿ ತಿರುಗಿದಳು. ಆಂಜಿನಮ್ಮ ಹಾರ ಹಾಕಿದ ಪಟದ ಕಡೆ ನೋಡುತ್ತಿರಲಿಲ್ಲ. ಅತ್ತೆಯ ಮುಖವನ್ನೇ ತಲೆಯೆತ್ತಿ ನೆಟ್ಟ ಕಣ್ಣಿನಿಂದ ನೋಡುತ್ತಿದ್ದಳು. ಸಿಕ್ಕಿಬಿದ್ದವಳಂತೆ ಥಟ್ಟನೆ ತಲೆ ತಗ್ಗಿಸಿದಳು.

ಬಚ್ಚಮ್ಮ ತಲೆಯ ಮೇಲಿನ ಸೆರಗನ್ನು ಹಿಂದಕ್ಕೆ ಸರಿಸಿದಳು. "ಬಾರೇ ಇಲ್ಲಿ, ಬೆಳಕಿಗೆ ಬಾ. ತಲೆ ಎತ್ತು. ನೋಡ್ಕೋ, ಎಷ್ಟೊತ್ತು ಬೇಕೋ ಅಷ್ಟೊತ್ತು ನೋಡ್ಕೋ. ಕಣ್ಣು ಮಾತ್ರ ಅವನ್ದು ಇನ್ನೂ ಸ್ವಲ್ಪ ದೊಡ್ದು ಕಣೇ."

ಆಂಜಿನಮ್ಮ ಎದುರಿಗೆ ಬಂದು ಕುಳಿತು, ಕೈ ಚಾಚಿ ಅತ್ತೆಯ ಗಲ್ಲ ಮುಟ್ಟಿದಳು. ಬಚ್ಚಮ್ಮ ಹೊತ್ತು ಮುಳುಗುವವರೆಗೂ ಮುಖ ಅಲ್ಲಾಡಿಸದೆ ಕೂತಳು.