ಹಡಗಿನ ಕಾರ್ಡು, ದೇವದಾರು ಹಲಗೆ

ನಮ್ಮಣ್ಣ ವಿಷಮಶೀತ ಜ್ವರದಲ್ಲಿ ಸತ್ತದ್ದು ಪರೀಕ್ಷೆಗೆ ಹದಿನೈದು ದಿನ ಇದ್ದಾಗ. ಎರಡನೇ ಮಹಾಯುದ್ಧ ಶುರುವಾಗಿ ಬಂದ ಎರಡನೇ ಬೇಸಿಗೆ ಅದು. ಅವನಿಗೆ ಹದಿನಾರು, ನನಗೆ ಹನ್ನೆರಡು. ಅಪ್ಪ ಮಳವಳ್ಳಿಯ ಶಾಲೆಯಲ್ಲಿ ಮರಗೆಲಸ ಕಲಿಸುವ ಮೇಷ್ಟ್ರಾಗಿದ್ದ.

ಅಣ್ಣ ಅರ್ಧಕ್ಕೆ ಬಿಟ್ಟುಹೋದ ಕೆಲಸ ಎರಡು. ಒಂದು, ಅವನೂ ಅಪ್ಪನೂ ಅವ್ವನಿಗೆಂದು ಶುರುಮಾಡಿದ್ದ ಅಡುಗೆಮನೆಯ ಬೀರು. ಚೌಕಟ್ಟು ನಿಂತಿತ್ತು, ಹಲಗೆ ಕೂಡಿಸಿರಲಿಲ್ಲ. ಇನ್ನೊಂದು, ಸಿಗರೇಟು ಪ್ಯಾಕಿನೊಳಗೆ ಬರುತ್ತಿದ್ದ ಹಡಗಿನ ಚಿತ್ರದ ಕಾರ್ಡುಗಳು. ಐವತ್ತು ಇರಬೇಕಾದಲ್ಲಿ ನಲವತ್ತೊಂದು ಸೇರಿದ್ದವು. ನಮ್ಮ ಮನೆಯಲ್ಲಿ ಯಾರೂ ಸಿಗರೇಟು ಸೇದುತ್ತಿರಲಿಲ್ಲ. ಒಂದೊಂದನ್ನೂ ಅವನು ಕಾಡಿ ಬೇಡಿ ತಂದಿದ್ದ.

ರಜೆಯ ಮೊದಲ ದಿನ ಬೆಳಿಗ್ಗೆ ಅಪ್ಪ ಹಿತ್ತಿಲಿನಲ್ಲಿ ಇಬ್ಬರೆಳೆಯುವ ಗರಗಸ ಕೈಗೆತ್ತಿಕೊಂಡು, "ಬಾವ್ವ, ಈ ತುದಿ ಇಡ್ಕೊ" ಅಂದ. ಹಿಡಿದುಕೊಂಡೆ. ಪಕ್ಕದ ಮನೆಯಾಕೆ ಬೇಲಿಯಾಚೆಯಿಂದ ನೋಡಿ, "ಎಣ್ಮಗೀನ ಕೈಗೆ ಗರಗಸ ಕೊಟ್ಟವ್ರಲ್ಲಾ!" ಅಂದಳು. ಅವ್ವ ತಲೆಯೆತ್ತದೆ, "ಕೊಟ್ಟವ್ರೆ. ಏನೀಗ?" ಅಂದಳು.

ಬೆಳಿಗ್ಗೆ ಬೀರು, ಊಟವಾದ ಮೇಲೆ ಕಾರ್ಡು ಎಂದು ಅದೇ ರೂಢಿಯಾಯಿತು. ಕಾರ್ಡುಗಳನ್ನು ನಂಬರಿನಂತೆ ಚಾಪೆಯ ಮೇಲೆ ಹರಡುವುದು, ಮತ್ತೆ ಕಟ್ಟಿಡುವುದು. ಒಂದು ದಿನ ಕೈಗೆ ಮೆತ್ತಿದ್ದ ಅಂಟು ಒಂದು ಹಡಗಿಗೆ ತಾಗಿ, ಬಿಡಿಸಹೋದಾಗ ಬಣ್ಣವೇ ಕಿತ್ತುಬಂತು. ಅಳು ಬರುತ್ತದೆಂದು ಕಾದೆ. ಬರಲಿಲ್ಲ. ಆಮೇಲಿಂದ ಬೂದಿ ಹಚ್ಚಿ ಕೈ ತೊಳೆದೇ ಕಾರ್ಡು ಮುಟ್ಟುತ್ತಿದ್ದೆ. ಸುಖ ದುಃಖ ಯಾವುದೂ ಹತ್ತಿರ ಸುಳಿಯಲಿಲ್ಲ. ಕೈ ಆಡುತ್ತಿತ್ತು, ಅಷ್ಟೆ.

ಬೀರಿನ ಬಾಗಿಲಿಗೆ ಹಲಗೆ ಸಾಲಲಿಲ್ಲ. ಜಲಪಾತದ ನೀರಿನಿಂದ ಕರೆಂಟು ತೆಗೆಯುತ್ತಿದ್ದ ಬ್ಲಫ್‌ನ ಕರೆಂಟು ಮನೆಯಲ್ಲಿ ಅಪ್ಪನ ಗುರುತಿನ ಮೇಸ್ತ್ರಿಯೊಬ್ಬನಿದ್ದ. ಯಂತ್ರಗಳು ಬರುತ್ತಿದ್ದ ದೇವದಾರು ಪೆಟ್ಟಿಗೆಗಳನ್ನು ಒಡೆದಾಗ ಅಪ್ಪನಿಗೆಂದು ಹಲಗೆ ತೆಗೆದಿಡುತ್ತಿದ್ದ. ಪ್ರತಿ ರಜೆಯಲ್ಲೂ ಅಪ್ಪನ ಜೊತೆ ಅಲ್ಲಿಗೆ ಹೋಗುತ್ತಿದ್ದವನು ಅಣ್ಣ. ಈ ಸಲ ನಾನು ಬಸ್ಸು ಹತ್ತಿದೆ.

ಮೇಸ್ತ್ರಿ ನಮ್ಮ ಹಿಂದೆ ಇಣುಕಿ ನೋಡಿದ. "ಎಲ್ಲಿ ಮೇಷ್ಟ್ರೇ, ಮಗ ಬರ್ನಿಲ್ವಾ?"

"ಇಲ್ಲ, ಬರ್ನಿಲ್ಲ" ಅಂದ ಅಪ್ಪ.

ಮೇಸ್ತ್ರಿ ಒಳಗೆ ಹೋಗಿ ಕಾಗದದ ಪೊಟ್ಟಣವೊಂದನ್ನು ತಂದು ನನ್ನ ಕೈಗಿಟ್ಟ. "ಸಾಹೇಬ್ರ ಬಂಗ್ಲೇಲಿ ಅಳೇ ಪ್ಯಾಕು ಸಿಕ್ದೊ. ಯುದ್ಧ ನಡೀತಾ ಅದಲ್ಲ, ಇನ್ಮೇಲೆ ಕಾರ್ಡು ಬರಾಕಿಲ್ವಂತೆ. ನಿಮ್ಮಣ್ಣಂಗೇಂತ್ಲೇ ಎತ್ತಿಟ್ಟಿದ್ದೆ, ಕೊಟ್ಬುಡು ಮಗಾ. ಎಲ್ಡೆಲ್ಡು ಇದ್ರೆ ವಾಪಸ್ ಕಳ್ಸು ಅಂತೇಳು, ನನ್ ಮಗ್ಳೂ ಕೂಡಿಸ್ತಾವ್ಳೆ."

"ಆಯ್ತು" ಅಂದೆ.

ಹಲಗೆಗಳನ್ನು ಬಸ್ಸಿನ ಮೇಲೆ ಹಾಕಿಸಿ ಕೂತೆವು. ಊರು ಹತ್ತಿರವಾದಾಗ ಅಪ್ಪ ಟಿಕೆಟು ಮಡಿಸಿ ಜೇಬಿಗಿಟ್ಟ. ಆಮೇಲೆ, "ಸುಳ್ಳೇನೂ ಏಳ್ನಿಲ್ಲ, ಅಲ್ವೇನವ್ವ?" ಅಂದ.

"ಇಲ್ಲ" ಅಂದೆ.

ಪೊಟ್ಟಣದಲ್ಲಿ ಐದು ಕಾರ್ಡು ಇದ್ದವು. ಮೂರು ನಮ್ಮಲ್ಲಿ ಇಲ್ಲದವು. ಅವನ್ನು ಅವುಗಳ ಜಾಗದಲ್ಲಿಟ್ಟೆ. ಉಳಿದೆರಡನ್ನು ಹಿಂದಕ್ಕೆ ಕಳಿಸುವುದು ಹೇಗೆಂದು ತಿಳಿಯದೆ ಪಂಚಾಂಗದ ನಡುವೆ ಸಿಕ್ಕಿಸಿದೆ.

ಹತ್ತು ದಿನದ ಮೇಲೆ ಮೇಸ್ತ್ರಿ ತಾನೇ ಬಂದ. ಬಸ್ಸಿನವರು ಯಾರೋ ಹೇಳಿದ್ದರು. ಬಾಗಿಲಲ್ಲೇ ನಿಂತು, "ಒಂದ್ಮಾತು ಏಳಬಾರ್ದಾಗಿತ್ತಾ ಮೇಷ್ಟ್ರೇ? ಮಗೀನ್ ಕೈಲಿ ಕೊಟ್ಟು ಕಳಿಸಿದ್ನಲ್ಲ ನಾನು" ಅಂತ ಕೂಗಾಡಿದ. ಅವನ ಕಣ್ಣು ಕೆಂಪಗಿತ್ತು.

"ಬಾಯಿ ಬರ್ನಿಲ್ಲ ಕಣಪ್ಪ" ಅಂದ ಅಪ್ಪ.

ಮೇಸ್ತ್ರಿ ಸ್ವಲ್ಪ ಹೊತ್ತು ಜಗಲಿಯ ಮೇಲೆ ಕೂತಿದ್ದು ಹಿತ್ತಿಲಿಗೆ ಹೋದ. ಆ ಹಲಗೆಯಲ್ಲಿ ನಾವು ಮಾಡಿ ಕೂರಿಸಿದ್ದ ಬೀರಿನ ಬಾಗಿಲು ಒಂದು ಕಡೆ ಇಳಿದಿತ್ತು. ಅಪ್ಪನಿಗೆ ಅದು ಕಂಡಿರಲಿಲ್ಲವೋ, ಕಂಡೂ ಬಿಟ್ಟಿದ್ದನೋ. "ಎತ್ತಿಡ್ಕೊ ಮಗಾ" ಅಂದ ಮೇಸ್ತ್ರಿ. ನಾನು ಎತ್ತಿ ಹಿಡಿದೆ, ಅವನು ಕೀಲು ಬಿಚ್ಚಿ ಮತ್ತೆ ಕೂರಿಸಿದ, ಅಪ್ಪ ಮೊಳೆ ಕೊಡುತ್ತಾ ಹೋದ. ಸಂಜೆಯೊಳಗೆ ಬಾಗಿಲು ನೆಟ್ಟಗೆ ಮುಚ್ಚಿತು. ಅವ್ವ ಮೂವರಿಗೂ ಮುದ್ದೆ ಬಡಿಸಿದಳು. ಮೇಸ್ತ್ರಿ ಉಂಡು ಬಸ್ಸಿಗೆ ಹೊರಟ. ಕಾರ್ಡು ಕೊಡುವುದು ನನಗೆ ಮರೆತೇಹೋಯಿತು, ಅವನೂ ಕೇಳಲಿಲ್ಲ.

ಮಾರನೆಯ ದಿನ ಅವ್ವ ಬೀರಿಗೆ ಉಪ್ಪಿನಕಾಯಿ ಜಾಡಿಗಳನ್ನು ಜೋಡಿಸಿದಳು. ಒಂದು ವಾರಕ್ಕೆ ಶಾಲೆ ತೆರೆಯಿತು. ಅಪ್ಪನೂ ನಾನೂ ಒಂದೇ ದಾರಿಯಲ್ಲಿ ನಡೆದುಹೋದೆವು.