ಮೂಡಣಕ್ಕೆ ಮೋರೆಯಿಟ್ಟ ಪಿಕಪ್

ಯಮನಮ್ಮನನ್ನು ಮೊದಲು ಕಂಡದ್ದು ಕಂಪ್ಲಿಯಲ್ಲಿ, ಮಾಗಿಯ ಒಂದು ಮುಂಜಾವಿನಲ್ಲಿ. ಇನ್ನೂ ನಸುಗತ್ತಲು. ಓಣಿಯ ಬಾಯಲ್ಲಿ ಒಂದು ಬಿಳಿಯ ಪಿಕಪ್ ಗಾಡಿ. ಅದರ ಹಿಂದೆ ಕಂಬಳಿ ಹೊದ್ದ ನಾಲ್ಕಾರು ಗಂಡಸರು ಭುಜ ಕೊಟ್ಟು ತಳ್ಳುತ್ತಿದ್ದರು. ಚಾಲಕನ ಕಿಟಕಿಯಿಂದ ಒಂದು ಹೆಣ್ಣುದನಿ ಗದರುತ್ತಿತ್ತು.

"ತಳ್ರೋ ಅಣ್ಣಗಳಿರಾ! ನಿಮ್ಮ ಹೆಂಡ್ರು ರಾತ್ರಿ ರೊಟ್ಟಿ ಹಾಕಿಲ್ಲೇನು?"

"ಹಾಕ್ಯಾರ ಯಮನಕ್ಕ, ತಿಂದದ್ದೆಲ್ಲಾ ನಿನ್ನ ಗಾಡಿಗೇ ಕರಗಿಹೋಗ್ತೈತಿ!"

ದಾರಿಹೋಕನಾದ ನನಗೂ ಬಿಡುಗಡೆಯಿರಲಿಲ್ಲ. "ನಿಂತು ಏನ್ ನೋಡ್ತೀರಿ ಮೇಷ್ಟ್ರ? ಒಂದು ಕೈ ಹಚ್ಚರಿ, ಪುಣ್ಯ ಬರ್ತೈತಿ."

ಗಾಡಿ ಕೆಮ್ಮಿತು, ಬಿಳಿಯ ಹೊಗೆ ಉಗುಳಿತು, ಮತ್ತೆ ಕೆಮ್ಮಿ ಅಂತೂ ಉಸಿರು ಹಿಡಿಯಿತು. ಬಾಳೆಗೊನೆ ತುಂಬಲು ಅದು ತೋಟದ ದಾರಿ ಹಿಡಿದ ಮೇಲೆ ತಳ್ಳಿದವರೆಲ್ಲ ಕೈ ಕೊಡವಿಕೊಂಡು ಚಹದಂಗಡಿಗೆ ನಡೆದರು. ಆ ಓಣಿಯಲ್ಲಿ ಬೆಳಗಾಗುತ್ತಿದ್ದುದೇ ಹೀಗೆ.

ಯಮನಮ್ಮ ಮೊದಲು ಅಕ್ಕಿ ಗಿರಣಿಯಲ್ಲಿ ನುಚ್ಚು ಕೇರುತ್ತಿದ್ದವಳು. ಗಂಡ ಪಾಲಯ್ಯ ಅದೇ ಗಿರಣಿಯಲ್ಲಿ ಮಿಷನ್ ನೋಡಿಕೊಳ್ಳುವವನು. ಹಳೆಯ ಪಿಕಪ್ಪನ್ನು ಅವನು ಕೊಂಡದ್ದು ತಾನೇ ಓಡಿಸುವ ಹುಮ್ಮಸ್ಸಿನಿಂದ. ಆದರೆ ಮರಿಯಮ್ಮನಹಳ್ಳಿಯ ಹೆದ್ದಾರಿಯಲ್ಲಿ ಲಾರಿಯೊಂದು ಪಕ್ಕದ ಕನ್ನಡಿಯನ್ನು ಸವರಿಕೊಂಡು ಹೋದ ದಿನ ಅವನ ಹುಮ್ಮಸ್ಸು ಇಳಿಯಿತು. ಗಾಡಿಯನ್ನು ಮನೆಗೆ ತಂದು ನಿಲ್ಲಿಸಿ ಬೀಗದ ಕೈಯನ್ನು ಹೆಂಡತಿಯ ಕೈಗಿಟ್ಟ.

"ನನಗ ಮಿಲ್ಲಿನ ಮಿಷನ್ನೇ ಚಲೋ. ಅದು ನಿಂತಲ್ಲೇ ನಿಂತಿರತೈತಿ," ಎಂದ.

ಗಿರಣಿಯ ಅಂಗಳದಲ್ಲಿ ಟ್ರ್ಯಾಕ್ಟರನ್ನು ಹಿಂದೆ ಮುಂದೆ ಆಡಿಸಿ ಕೈ ಪಳಗಿಸಿಕೊಂಡಿದ್ದ ಯಮನಮ್ಮನಿಗೆ ಅಷ್ಟೇ ಬೇಕಾಗಿತ್ತು. ಲೈಸೆನ್ಸು ಮಾಡಿಸಿಕೊಂಡು ಸ್ಟೇರಿಂಗ್ ಹಿಡಿದವಳು ಮತ್ತೆ ಬಿಡಲಿಲ್ಲ. ತೋಟಗಳಿಂದ ಗೊನೆ ತುಂಬಿಕೊಂಡು, ಹರಾಜು ಕೂಗುವ ಮೊದಲೇ ಹೊಸಪೇಟೆಯ ಮಂಡಿಗೆ ಮುಟ್ಟಿಸುವುದು ಅವಳ ಕಾಯಕವಾಯಿತು.

ಆ ಚಳಿಗಾಲದಲ್ಲಿ ಗಾಡಿ ಹಟ ಹಿಡಿಯಿತು. ಹಗಲೆಲ್ಲ ಕುದುರೆಯಂತೆ ಓಡುವುದು, ಬೆಳಗಿನ ಹೊತ್ತು ಮಾತ್ರ ಏಳಲೊಲ್ಲದು. ಮಂಡಿಗೆ ಮೇಲಿಂದ ಮೇಲೆ ತಡವಾಯಿತು. ಮಂಡಿಯ ಯಜಮಾನ ತಿರುಮಲ ಸಜ್ಜನ. ಹೊಗಳುವಾಗಲೂ ಬೈಯುವಾಗಲೂ ಅವನದು ಒಂದೇ ದನಿ.

"ಯಮನಮ್ಮ, ನಿನ್ನ ಮ್ಯಾಲೆ ನನಗ ಸಿಟ್ಟಿಲ್ಲ. ಆದ್ರ ಹರಾಜು ಮುಗಿದ ಮ್ಯಾಲೆ ಬಂದ ಗೊನಿ ಕೇಳೋರು ಯಾರವ್ವ? ರೈತರಿಗೆ ಜವಾಬು ಹೇಳೋನು ನಾನು. ರಥಸಪ್ತಮಿ ತನಕ ನೋಡ್ತೀನಿ. ಆಮ್ಯಾಲೆ ಮಲ್ಲಿಕಾರ್ಜುನನ ಹೊಸ ಗಾಡಿಗೆ ಹೇಳಿಬಿಡ್ತೀನಿ."

ಮುಂಜಾವಿನ ಬಾಡಿಗೆ ಹೋದರೆ ಗಾಡಿ ಮಾರಬೇಕು, ಗಾಡಿ ಮಾರಿದರೆ ಮತ್ತೆ ಮೊರ ಹಿಡಿಯಬೇಕು. ದುಡಿಮೆಗೆ ಹೆದರುವ ಹೆಂಗಸಲ್ಲ ಯಮನಮ್ಮ. ಆದರೆ ಕಾಲುವೆಯ ಪಕ್ಕದ ದಾರಿಯಲ್ಲಿ, ಕಿಟಕಿಗೆ ಮೊಣಕೈ ಊರಿ, ಬೆಳಗನ್ನು ಎದುರುಗೊಂಡು ಹೋಗುವ ಸುಖ ಕಂಡವಳಿಗೆ ಗಿರಣಿಯ ಧೂಳಿನ ಮೂಲೆ ಬೇಡವೇ ಬೇಡವಾಗಿತ್ತು.

ಹೊಸಪೇಟೆಯ ಮೆಕ್ಯಾನಿಕ್ ಗಾದಿಲಿಂಗ ತನ್ನ ಕೈಲಾದುದನ್ನೆಲ್ಲ ಮಾಡಿದ. ಬ್ಯಾಟರಿ ಬದಲಾಯಿತು. ಇಂಜಿನ್ನನ್ನು ಬೆಚ್ಚಗೆ ಮಾಡುವ ಪ್ಲಗ್ಗುಗಳು ಬದಲಾದವು. ರೋಗ ಮಾತ್ರ ಹೋಗಲಿಲ್ಲ.

"ಯಕ್ಕಾ, ರೋಗಿ ದವಾಖಾನಿಗೆ ಬರೋದ್ರಾಗ ಜ್ವರ ಬಿಟ್ಟಿರತೈತಿ. ನಾನೇನು ನೋಡ್ಲಿ? ಒಂದು ರಾತ್ರಿ ಇಲ್ಲೇ ಬಿಟ್ಟು ಹೋಗು."

"ಬಿಟ್ಟು ಹೋಗಿ, ಬೆಳಿಗ್ಗೆ ಗೊನಿ ನಿನ್ನ ತಲಿ ಮ್ಯಾಲೆ ಹೊರಸ್ಲೇನು?"

ಕಡೆಗೆ ಎಲ್ಲರೂ ಸೇರಿ ತಪ್ಪನ್ನು ಚಳಿಯ ಮೇಲೆ ಹೊರಿಸಿದರು. ಪಾಲಯ್ಯನಂತೂ ಗಿರಣಿಯಿಂದ ಗೋಣಿಚೀಲ ತಂದು, ಈದ ಎಮ್ಮೆಗೆ ಹೊದಿಸುವಂತೆ ದಿನವೂ ಬಾನೆಟ್ಟಿಗೆ ಹೊದಿಸತೊಡಗಿದ.

ಸಂಕ್ರಾಂತಿಯ ಹಿಂದಿನ ದಿನ ಯಮನಮ್ಮ ಹಂಪಿಯ ಪೂಜಾಸಾಮಾನಿನ ಅಂಗಡಿಗಳಿಗೆ ಬಾಳೆಹಣ್ಣು ಇಳಿಸಿ ಅಲ್ಲೇ ತಂಗಿಯ ಮನೆಯಲ್ಲಿ ಉಳಿದಳು. ಗಾಡಿಯನ್ನು ನಿಲ್ಲಿಸಿದ್ದು ಹೊಳೆಗೆ ಹತ್ತಿರದ ಬಯಲಿನಲ್ಲಿ. ಬೆಳಿಗ್ಗೆ ಹೊಳೆಯ ಸ್ನಾನ ಮುಗಿಸಿ ಬಂದಾಗ ಹಲ್ಲು ಕಟಕಟ ಎನ್ನುತ್ತಿದ್ದವು. ಗಾಜಿನ ಮೇಲೆಲ್ಲ ಇಬ್ಬನಿ. ತಳ್ಳುವವರನ್ನು ಎಲ್ಲಿಂದ ಕರೆಯಲಿ ಎಂದುಕೊಳ್ಳುತ್ತಲೇ ಕೀಲಿ ತಿರುಗಿಸಿದಳು. ಗಾಡಿ ಒಂದೇ ಗುಕ್ಕಿಗೆ ಗುಡುಗಿತು.

"ವಿರೂಪಾಕ್ಷನ ದಯ, ಅಕ್ಕಾ!" ಎಂದು ತಂಗಿ ಕೈ ಮುಗಿದಳು.

ಯಮನಮ್ಮನೂ ಮುಗಿದಳು. ಆದರೆ ದಾರಿಯುದ್ದಕ್ಕೂ ಅವಳ ತಲೆಯಲ್ಲಿ ಒಂದೇ ಮಾತು ಕೊರೆಯುತ್ತಿತ್ತು. ಹೊಳೆಯ ದಡದಲ್ಲಿ ಕಂಪ್ಲಿಗಿಂತ ಹೆಚ್ಚು ಚಳಿ. ಅಲ್ಲಿ ಎದ್ದ ಗಾಡಿ ಇಲ್ಲೇಕೆ ಏಳದು? ದೇವರ ದಯೆಗೆ ಊರಿನ ಎಲ್ಲೆ ಇರುತ್ತದೆಯೆ? ಹಾಗಾದರೆ ಕಾರಣ ಚಳಿಯಲ್ಲ.

ಮರುದಿನ ಮನೆಯ ಮುಂದೆ ಗಾಡಿ ಮತ್ತೆ ಮುಷ್ಕರ ಹೂಡಿತು. ಯಮನಮ್ಮ ತಳ್ಳುವವರಿಗಾಗಿ ಕಾಯುತ್ತ ನಿಂತಿದ್ದಾಗ ಅತ್ತೆ ಅಕ್ಕನಾಗಮ್ಮ ಅಂಗಳಕ್ಕೆ ನೀರು ಹೊಡೆದಳು. ಆ ನೀರು ಗಾಡಿಯ ಮುಂದಿನ ಗಾಲಿಯಿಂದ ಹಿಂದಿನ ಗಾಲಿಯ ಕಡೆಗೆ ಹರಿದು ಓಣಿಗಿಳಿಯಿತು. ಯಮನಮ್ಮ ಅದನ್ನೇ ನೋಡುತ್ತ ನಿಂತುಬಿಟ್ಟಳು. ಹಂಪಿಯ ಬಯಲು ಸಮತಟ್ಟು. ಇಲ್ಲಿ ಅಂಗಳ ಮೂಡಣಕ್ಕೆ ಏರು. ಗಾಡಿಯ ಮೋರೆ ಯಾವಾಗಲೂ ಮೂಡಣಕ್ಕೇ ಇರಬೇಕೆಂಬುದು ಅತ್ತೆಯ ಕಟ್ಟಳೆ. ಬಂಡಿಯೂ ಎತ್ತಿನ ಹಾಗೆ, ಕಣ್ಣು ಬಿಟ್ಟರೆ ಸೂರ್ಯನನ್ನು ನೋಡಬೇಕು ಎನ್ನುವವಳು ಅವಳು. ಹೀಗಾಗಿ ಗಾಡಿ ರಾತ್ರಿಯೆಲ್ಲ ಮೂಗು ಮೇಲೆತ್ತಿ ನಿಂತಿರುತ್ತಿತ್ತು.

ಅಂದು ಸಂಜೆ ಯಮನಮ್ಮ ಗಾಡಿಯನ್ನು ಹಿಮ್ಮುಖವಾಗಿ ಅಂಗಳಕ್ಕೆ ಏರಿಸಿದಳು. ಮೋರೆ ಇಳುಕಲಿಗೆ, ಓಣಿಯ ಕಡೆಗೆ. ಅಕ್ಕನಾಗಮ್ಮ ಒಳಗಿಂದ ಓಡಿ ಬಂದಳು.

"ಏನ ಸೊಸಿ, ಬಂಡಿ ಮಾರಿ ಪಡುವಣಕ್ಕ ಮಾಡೀಯಲ್ಲ! ಯಾರರ ಹಂಗ ನಿಲ್ಲಸ್ತಾರೇನು?"

"ಒಂದು ರಾತ್ರಿ ಅಷ್ಟ ಅತ್ತಿ. ಪರೀಕ್ಷಾ ಮಾಡ್ತೀನಿ."

"ಸೂರ್ಯಗ ಬೆನ್ನು ತೋರಿಸಿ ಏನು ಪರೀಕ್ಷಾ?"

"ಅವ ದಿನಾ ನಮ್ಮ ಪರೀಕ್ಷಾ ಮಾಡಂಗಿಲ್ಲೇನು? ಇವತ್ತೊಂದಿನ ನಾನು ಮಾಡ್ತೀನಿ."

ಬೆಳಿಗ್ಗೆ ಕೀಲಿ ತಿರುಗಿಸಿದ ಕೂಡಲೇ ಗಾಡಿ ಎದ್ದಿತು. ಪಾಲಯ್ಯ ಹಾಸಿಗೆಯಿಂದ ಹಾರಿ ಬಂದ. ಯಮನಮ್ಮ ಹಿಗ್ಗಲಿಲ್ಲ, ಗಾಡಿಯನ್ನು ಬಂದ್ ಮಾಡಿ ಬಾನೆಟ್ ಎತ್ತಿ, "ಬ್ಯಾಟರಿ ಹಿಡೀರಿ," ಎಂದು ಗಂಡನ ಕೈಗೆ ಟಾರ್ಚು ಕೊಟ್ಟಳು. ಟ್ಯಾಂಕಿನಿಂದ ಇಂಜಿನ್ನಿಗೆ ಡೀಸೆಲ್ ಬರುವ ರಬ್ಬರ್ ಪೈಪನ್ನು ಗೇಣು ಗೇಣಾಗಿ ಸವರಿ ನೋಡಿದಳು. ಫಿಲ್ಟರಿನ ಬಳಿ ಬೆರಳಿಗೆ ತೇವ ಹತ್ತಿತು. ಮೂಸಿದಳು. ಡೀಸೆಲ್! ಅಲ್ಲೇ ಪೈಪಿಗೆ ಬಿಗಿಯಾಗಿ ಒಂದು ತಂತಿ ಸುತ್ತಿತ್ತು.

"ಇಲ್ಲಿ ತಂತಿ ಸುತ್ತಿದೋರು ಯಾರು?"

ಪಾಲಯ್ಯ ಟಾರ್ಚನ್ನು ಆ ಕೈಯಿಂದ ಈ ಕೈಗೆ ಬದಲಿಸಿದ. "ಮಳಿಗಾಲದಾಗ ಕ್ಲಿಪ್ಪು ಮುರಿದಿತ್ತಲ್ಲ... ನಾನೇ ಒಂದೀಟು ಬಿಗಿದಿದ್ದೆ. ಮಿಲ್ಲಿನಾಗ ಎಲ್ಲಾ ತಂತಿ ಮ್ಯಾಲೇ ನಿಂತೈತಿ ನೋಡು."

"ಮಿಲ್ಲು ನಿಂತಲ್ಲೇ ನಿಂತಿರತೈತಿ ಅಂತ ನೀವೇ ಅಂದಿದ್ರಲ್ರೀ. ಇದು ಓಡೋದು! ಅಲುಗಾಡಿ ಅಲುಗಾಡಿ ತಂತಿ ರಬ್ಬರ್ ಕೊರದೈತಿ." ಅಷ್ಟು ಹೇಳಿ ಅವಳೇ ನಕ್ಕುಬಿಟ್ಟಳು. ಮೂಗಿನ ಮೇಲಿದ್ದ ಸಿಟ್ಟು ರೋಗ ಸಿಕ್ಕ ಸಂತೋಷದಲ್ಲಿ ಕರಗಿತ್ತು.

ಅಂದು ಮಂಡಿಯ ಕೆಲಸ ಮುಗಿದ ಮೇಲೆ ಗಾದಿಲಿಂಗ ತಂತಿ ಬಿಚ್ಚಿ ನೋಡಿದ. ಪೈಪಿನಲ್ಲಿ ಕೂದಲೆಳೆಯಷ್ಟು ಸೀಳು. ಅವನು ತೊಡೆ ತಟ್ಟಿದ.

"ಹಿಡಿದಿ ನೋಡಕ್ಕ ಕಳ್ಳನ್ನ! ಮಾರಿ ಮ್ಯಾಲಿದ್ರ ಈ ಸೀಳಿನಾಗ ಗಾಳಿ ಹೊಕ್ಕು, ರಾತ್ರಿಯೆಲ್ಲ ಡೀಸೆಲ್ ವಾಪಸ್ ಟ್ಯಾಂಕಿಗೆ ಜಾರತೈತಿ. ಬೆಳಿಗ್ಗೆ ಇಂಜಿನ್ನು ಬರೀ ಗಾಳಿ ಕುಡೀತೈತಿ. ಹನಿ ಹೊರಗ ಬೀಳಂಗಿಲ್ಲ, ಒಣಗಿರತೈತಿ. ನಾನೂ ಈ ತಂತಿ ನೋಡಿ ಮುಂದ ಹೋಗಿದ್ದೆ. ಮಾರಿ ಕೆಳಗ ಮಾಡಿದಿ ಅಂತ ಹನಿ ಹೊರಗ ಬಂತು!"

"ಮಾತು ಸಾಕು, ಜಲ್ದಿ ಹೊಸ ಪೈಪ್ ಹಾಕು. ಕ್ಲಿಪ್ಪು ಹಾಕು ಮತ್ತ, ತಂತಿ ಬ್ಯಾಡ."

ಆ ಸಂಜೆ ಅತ್ತೆಯ ಮನಸ್ಸಿನಂತೆ ಗಾಡಿ ಮತ್ತೆ ಮೂಡಣಕ್ಕೆ ಮೋರೆ ಮಾಡಿ ನಿಂತಿತು. ಬೆಳಿಗ್ಗೆ ತಳ್ಳುವ ಪಡೆ ಕಂಬಳಿ ಹೊದ್ದು, ಅಂಗೈ ಉಜ್ಜುತ್ತ ಬಂದು, ಗಾಡಿಯನ್ನು ಓಣಿಗಿಳಿಸಲು ಅದರ ಮುಂದೆ ಸಾಲಾಗಿ ನಿಂತಿತು. ಯಮನಮ್ಮ ಕೀಲಿ ತಿರುಗಿಸಿದಳು. ಒಂದೇ ತಿರುವು! ಗಾಡಿ ಹೂಂಕರಿಸಿತು. ಚಾಚಿದ ಕೈಗಳು ಚಾಚಿದಂತೆಯೇ ಉಳಿದವು. ಆಮೇಲೆ ಓಣಿಯೇ ಎದ್ದು ಕುಳಿತುಕೊಳ್ಳುವಂಥ ಕೇಕೆ.

"ಅಯ್ಯೋ ಯಮನಕ್ಕ, ನಮಗ ಕೆಲಸ ಇಲ್ಲದಂಗ ಮಾಡಿದ್ಯಲ್ಲ!"

"ಹೋಗಿ ನಿಮ್ಮ ಹೆಂಡ್ರ ಕೊಡ ಹೊರ್ರಿ!" ಎಂದು ಕೂಗಿ ಅವಳು ತೋಟದ ದಾರಿ ಹಿಡಿದಳು.

ಮಂಡಿಯಲ್ಲಿ ತಿರುಮಲ ಆಗಷ್ಟೇ ದೇವರ ಪಟಕ್ಕೆ ಊದುಬತ್ತಿ ಹಚ್ಚುತ್ತಿದ್ದ. ಕಟ್ಟೆಯ ಮುಂದೆ ಅವಳದೇ ಮೊದಲ ಗಾಡಿ. "ಏನವ್ವ, ರಾತ್ರಿನೇ ಬಂದು ಇಲ್ಲೇ ಮಲಗಿದ್ಯೇನು?" ಎಂದ. ರಥಸಪ್ತಮಿ ಬಂದು ಹೋಯಿತು. ಗಾಡಿ ಒಂದು ದಿನವೂ ತಡವಾಗಲಿಲ್ಲ. ತಿರುಮಲ ಮಲ್ಲಿಕಾರ್ಜುನನ ಹೆಸರೆತ್ತಲಿಲ್ಲ. ಬದಲಾಗಿ, "ಸಂಡೂರಿನ ಅಂಗಡಿಗಳಿಗೂ ಹಣ್ಣು ಮುಟ್ಟಿಸ್ತೀಯೇನು?" ಎಂದು ಕೇಳಿದ. ಯಮನಮ್ಮ ಯೋಚಿಸಲೂ ಇಲ್ಲ; ಹೂಂ ಎಂದುಬಿಟ್ಟಳು.

ಈಗ ಅವಳ ಬೆಳಗು ಹೊಸಪೇಟೆಗೆ, ಮಧ್ಯಾಹ್ನ ಸಂಡೂರಿಗೆ. ಗುಡ್ಡದ ಕೆಂಪು ಧೂಳು ಗಾಡಿಯ ಬಿಳಿಯ ಬಣ್ಣವನ್ನು ಇಟ್ಟಿಗೆಯ ಬಣ್ಣಕ್ಕೆ ತಿರುಗಿಸಿದೆ. ಎರಡೂ ಕಡೆ ಒಬ್ಬಳಿಂದ ಆಗದೆಂದು, ಗಿರಣಿಯಲ್ಲಿ ಮೊದಲು ತನ್ನ ಜೊತೆ ನುಚ್ಚು ಕೇರುತ್ತಿದ್ದ ಸೌಜನ್ಯಳನ್ನು ತಯಾರು ಮಾಡುತ್ತಿದ್ದಾಳೆ. ಭಾನುವಾರ ಗಿರಣಿಗೆ ರಜೆ. ಭತ್ತ ಒಣಗಿಸುವ ಕಣ ಖಾಲಿ ಇರುತ್ತದೆ. ಅಲ್ಲಿ ಸೌಜನ್ಯ ಸ್ಟೇರಿಂಗ್ ಹಿಡಿದು ಬೆವರುತ್ತಾಳೆ, ಪಕ್ಕದಲ್ಲಿ ಯಮನಮ್ಮ ಕಡಲೆ ಮೆಲ್ಲುತ್ತ ಕುಳಿತಿರುತ್ತಾಳೆ.

"ಹಿಂದ ನೋಡಿ ತಗೊಳ್ಳೇ, ನನ್ನ ಮಾರಿ ಯಾಕ ನೋಡ್ತಿ? ಬಿಡು ಕ್ಲಚ್ಚು, ನಿಧಾನಕ್ಕ... ಹಾಂ, ಹಂಗ! ಮಸ್ತ್! ಇನ್ನೊಂದು ಸುತ್ತು ಹೊಡಿ."