ನನ್ನ ಮಗಳಿಗೆ ಸಿಕ್ಕ ನಗಿಸುವ ಪಾತ್ರ

ಮೊಮ್ಮಕ್ಕಳೇ, ಎದುರಿಗೆ ಹೇಳಲು ನನಗೆ ಬಾಯಿ ಬರುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಹೋದ ವಾರ ನಿಮ್ಮಲ್ಲಿ ದೊಡ್ಡವಳು ತನ್ನ ಕಾಲೇಜಿನ ಪಾಠ ನನಗೆ ಓದಿ ಹೇಳಿದಳು. ಹಿಮದ ನಾಡಿನಲ್ಲಿ ಸಾಮಿ ಎಂಬ ಜನರಿದ್ದಾರಂತೆ. ಅವರದು ಒಂದೇ ಭಾಷೆಯಲ್ಲ, ಹಲವು. ಅಕ್ಕಪಕ್ಕದವರ ಮಾತು ತಿಳಿಯುತ್ತದೆ, ದಕ್ಷಿಣದ ತುದಿಯವರದು ಉತ್ತರದವರಿಗೆ ತಿಳಿಯದು. ದಕ್ಷಿಣದಲ್ಲಿ ಕ್ರಿಯಾಪದ ನಮ್ಮ ಹಾಗೆ ವಾಕ್ಯದ ಕೊನೆಗೆ ಬರುತ್ತದೆ, ಉತ್ತರದಲ್ಲಿ ನಡುವೆ. ಇಬ್ಬರೇ ಸೇರಿ ಮಾಡಿದ ಕೆಲಸಕ್ಕೆ ಕ್ರಿಯಾಪದದ ರೂಪವೇ ಬೇರೆ. ಎಷ್ಟು ಗೌರವದಿಂದ ಓದಿದಳು! ಮರುದಿನ ಅವಳೇ, ನಾನು ಹಾಲಿನವನ ಜೊತೆ ಮಾತಾಡುವುದನ್ನು ಫೋನಿನಲ್ಲಿ ಹಿಡಿದು ಗೆಳತಿಯರಿಗೆ ಕಳಿಸಿದಳು. ನೀವೆಲ್ಲ ಕೂಡಿ ನಕ್ಕಿರಿ. ಅವರ ಮಾತು ಬೇರೆಯಾದರೆ ಪಾಠ, ನನ್ನ ಮಾತು ಬೇರೆಯಾದರೆ ನಗೆಪಾಟಲೇ? ಆ ರಾತ್ರಿ ನಾನು ಊಟ ಬಿಟ್ಟು ಎದ್ದುಹೋದದ್ದು ಹೊಟ್ಟೆನೋವಿನಿಂದಲ್ಲ, ಸಿಟ್ಟಿನಿಂದ. ಆ ಸಿಟ್ಟು ಹಳೆಯದು.

ನನ್ನ ತವರು ಸುರಪುರದ ಕಡೆ, ಕೊಟ್ಟದ್ದು ದೋರನಹಳ್ಳಿಗೆ. ಅಷ್ಟು ದೂರದೊಳಗೇ ಮಾತಿನ ಧಾಟಿ ಹೊರಳುತ್ತಿತ್ತು. ಅತ್ತೆ ನನ್ನನ್ನು ಅಣಕಿಸುತ್ತಿದ್ದರು, ನಾನು ಒಳಗೊಳಗೇ ಅವರನ್ನು ಅಣಕಿಸುತ್ತಿದ್ದೆ. ಅದರಿಂದ ಯಾರ ಮನಸ್ಸೂ ಮುರಿಯಲಿಲ್ಲ. ಕೆನಾಲ್ ಬಂದ ಮೇಲೆ ನಮ್ಮ ರಾಜ್ಯದ ದಕ್ಷಿಣದ ಕಡೆಯ ನೀರಾವರಿ ನೌಕರರು ಊರ ಹೊರಗೆ ಕಟ್ಟಿದ ಕ್ಯಾಂಪಿಗೆ ಬಂದರು. ಅವರ ಮಕ್ಕಳು ನಮ್ಮ ಶಾಲೆಗೆ ಸೇರಿದರು, ಹೊಸ ಮಾಸ್ತರರೂ ಆ ಕಡೆಯವರೇ. ನಮ್ಮ ಮಕ್ಕಳು "ಬಂದಾನ್ರಿ" ಅಂದರೆ, "ಬಂದಿದ್ದಾನೆ ಅನ್ನು. ಹೋಗು, ನಾಲಗೆ ತೊಳೆದುಕೊಂಡು ಬಾ" ಅನ್ನುತ್ತಿದ್ದರು.

ಶಾಲೆಯ ವಾರ್ಷಿಕೋತ್ಸವಕ್ಕೆ ಆ ಮಾಸ್ತರರೇ ಕಾಲುವೆಯ ಮೇಲೆ ಒಂದು ನಾಟಕ ಬರೆದರು. ಸಾಹೇಬ, ಸಾಹೇಬನ ಹೆಂಡತಿ, ಗಂಗಾದೇವಿ, ಎಲ್ಲ ಪಾತ್ರ ಕ್ಯಾಂಪಿನ ಮಕ್ಕಳಿಗೆ. ಐದನೇ ಕ್ಲಾಸಿನಲ್ಲಿದ್ದ ನಿಮ್ಮವ್ವನಿಗೆ ಹಳ್ಳಿ ಹೆಂಗಸಿನ ಪಾತ್ರ. ಕುಣಿಯುತ್ತ ಮನೆಗೆ ಬಂದಳು.

"ಯವ್ವಾ, ಮನ್ಯಾಗ ಹೆಂಗ ಮಾತಾಡ್ತಿ ಹಂಗಽ ಮಾತಾಡು ಅಂದಾರ ಮಾಸ್ತರ್ರು!"

ನನಗೂ ಹೆಮ್ಮೆಯಾಯಿತು. ನನ್ನ ಇಳಕಲ್ ಸೀರೆಯನ್ನೇ ಮಡಚಿ ಉಡಿಸಿದೆ.

ನಾಟಕದಲ್ಲಿ ಅವಳು ಸಾಹೇಬನ ಮುಂದೆ ಕೈಮುಗಿದು ನಿಂತಳು. "ಸಾಹೇಬ್ರ, ನಮ್ಮ ಹೊಲಕ್ಕ ನೀರ ಯಾವಾಗ ಬಿಡ್ತೀರಿ?"

ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಅದರಲ್ಲಿ ನಗುವಂಥದ್ದೇನಿತ್ತು? ನಮ್ಮ ಹೊಲ ಕಾಲುವೆಯ ಕಟ್ಟಕಡೆಗಿತ್ತು, ನೀರು ಅಲ್ಲಿಯ ತನಕ ಬರುತ್ತಲೇ ಇರಲಿಲ್ಲ. ಅದೇ ಮಾತನ್ನು ನಿಮ್ಮಜ್ಜ ಕ್ಯಾಂಪ್ ಆಫೀಸಿನ ಬಾಗಿಲಲ್ಲಿ ಹಾಗೇ ಕೈಮುಗಿದು ಕೇಳಿ ಬಂದಿದ್ದರು. ನಾನು ಗಂಡಸರು ಕೂತಿದ್ದ ಕಡೆ ನೋಡಿದೆ. ನಿಮ್ಮಜ್ಜನೂ ನಗುತ್ತಿದ್ದರು.

ನಾಲ್ಕು ಜನರ ಮುಂದೆ ದನಿ ಎತ್ತಿದವಳಲ್ಲ ನಾನು. ಎದ್ದು ನಿಂತೆ. "ಸಾಕಿನ್ನ, ಇಳದ ಬಾ ನೀ! ಯಾಕ ನಗಾಕತ್ತೀರಿ? ಏನ ತಪ್ಪ ಕೇಳ್ಯಾಳ?"

ನಗೆ ಇನ್ನೂ ಜೋರಾಯಿತು. ನನ್ನ ಮಾತೂ ನಾಟಕದ್ದೇ ಅಂದುಕೊಂಡರು. "ಏ, ಈಕಿ ಪಾರ್ಟೂ ಚಲೋ ಅದ ನೋಡಲೇ" ಎಂದು ಹಿಂದಿನಿಂದ ಒಬ್ಬ ಕೂಗಿದ. ಮಾಸ್ತರರು ಚಪ್ಪಾಳೆ ತಟ್ಟಿದರು. ಮಗಳು ಇಳಿಯಲಿಲ್ಲ. ನನ್ನನ್ನು ನೋಡಿದಳು, ಜನರನ್ನು ನೋಡಿದಳು, ಅದೇ ಮಾತನ್ನು ಇನ್ನಷ್ಟು ರಾಗ ಎಳೆದು ಮತ್ತೊಮ್ಮೆ ಹೇಳಿದಳು.

ಮನೆಗೆ ಬರುವಾಗ ದಾರಿಯುದ್ದಕ್ಕೂ ನನ್ನ ಕೈ ಹಿಡಿಯಲಿಲ್ಲ. ಬಾಗಿಲ ಹತ್ತಿರ ಬಾಯಿ ಬಿಟ್ಟಳು. "ಅಮ್ಮ, ಯಾಕೆ ಹಾಗೆ ಮಾಡಿದೆ? ನನಗೆ ನಾಚಿಕೆಯಾಯಿತು."

ಕ್ಯಾಂಪಿನ ಮಾತು, ಕ್ಯಾಂಪಿನ ರಾಗ. ನಾನು ಅವಳ ಭುಜ ಹಿಡಿದು ಅಲುಗಿಸಿದೆ. "ಯಾರ ಮುಂದ ಆಡ್ತಿ ಈ ಮಾತು?"

ನಿಮ್ಮಜ್ಜ ನನ್ನ ಕೈ ಬಿಡಿಸಿದರು. "ಕಲೀಲಿ ಬಿಡು. ಆಫೀಸಿನ್ಯಾಗ ನನ್ನ ಮಾತ ಯಾರೂ ಕೇಳಂಗಿಲ್ಲ. ಅಕೀದು ಕೇಳ್ತಾರ."

ಮುಂದಿನ ಬಿತ್ತನೆಗೆ ಅವಳನ್ನೇ ಆಫೀಸಿಗೆ ಕರೆದುಕೊಂಡು ಹೋದರು. ನಮ್ಮ ಹೊಲದ ಮಾತನ್ನು ಅವಳು ಪುಸ್ತಕದ ಕನ್ನಡದಲ್ಲಿ ಕೇಳಿದಳು. ಅಲ್ಲಿಯ ಸಾಹೇಬರು ಅವಳಿಗೆ ಕುರ್ಚಿ ಹಾಕಿಸಿ, "ಎಷ್ಟು ಚೆನ್ನಾಗಿ ಮಾತಾಡ್ತೀಯಮ್ಮ" ಅಂದರಂತೆ. ನಿಮ್ಮಜ್ಜ ಹಿಂದೆ ನಿಂತೇ ಇದ್ದರಂತೆ. ನೀರು ಆ ವರ್ಷವೂ ಬರಲಿಲ್ಲ. ಅವಳು ಮಾತ್ರ ಆ ಪುಸ್ತಕದ ಮಾತು ಬಿಡಲಿಲ್ಲ, ನನ್ನ ಜೊತೆಗೂ.